ಮೂಲೆ ಸುಟ್ಟ ಡಬ್ಬಿ

ಮೂವತ್ತು ವರ್ಷಗಳಲ್ಲಿ ಭಾರತದ ಊಟ-ತಿಂಡಿಯ ಪ್ಯಾಕಿಂಗು ಗಾಳಿಗೆ ಎಷ್ಟು ಇಂಗಾಲ ಬಿಟ್ಟಿದೆ ಎಂಬುದು ಪ್ರಿಯದರ್ಶಿನಿಗೆ ಬಾಯಿಪಾಠವಾಗಿತ್ತು. ಎಲೆ ಹೋಗಿ ಪ್ಲಾಸ್ಟಿಕ್ಕು ಬಂದದ್ದು, ಫೋನು ಒತ್ತಿದರೆ ಬಿರಿಯಾನಿ ಡಬ್ಬಿಯಲ್ಲಿ ಕುಳಿತು ಬಾಗಿಲಿಗೇ ಬರತೊಡಗಿದ್ದು, ಎಲ್ಲವೂ ಅವಳ ಗ್ರಾಫಿನಲ್ಲಿತ್ತು. ಗೆರೆ ಮೇಲಕ್ಕೇರುತ್ತಲೇ ಇತ್ತು. ಇಷ್ಟೆಲ್ಲ ತಿಳಿದ ಜಾಣೆಗೆ ತಿಳಿಯದೆ ಹೋದದ್ದು, ಅವಳು ಬಾಡಿಗೆಗಿದ್ದ ಕೆ.ಆರ್. ಪುರದ ವಠಾರದಲ್ಲಿ ಒಂದು ಡಬ್ಬಿ ಹೇಗೆ ಬಾಳುತ್ತದೆ ಎಂಬುದು.

“ದೇಶದ ಲೆಕ್ಕ ಆಯ್ತಮ್ಮ, ಒಂದು ಬೀದಿಯ ಲೆಕ್ಕ ಎಲ್ಲಿ?” ಎಂದು ಅವಳ ಪಿಎಚ್.ಡಿ. ಗೈಡ್ ಶ್ರೀನಿವಾಸ್ ಸರ್ ಕೊನೆಯ ಅಧ್ಯಾಯವನ್ನು ಎರಡು ಸಲ ವಾಪಸು ಕಳಿಸಿದ್ದರು. ಮುಂದಿನ ಸೋಮವಾರ ಮೂರನೆಯ ಸಲ. ಈಗಲೂ ಒಪ್ಪದಿದ್ದರೆ ವಿಷಯವನ್ನೇ ಬದಲಿಸಬೇಕು, ನಾಲ್ಕು ವರ್ಷದ ಕೆಲಸ ಕಸದ ಗಾಡಿಗೆ.

ಹಾಗಾಗಿ ಅವಳು ತನ್ನ ಕೋಣೆಯೂ ಸೇರಿ ವಠಾರದ ಎಂಟೂ ಮನೆಗೆ ಒಂದೊಂದು ಹಾಳೆ ಕೊಟ್ಟಳು. ಇವತ್ತು ಮನೆಗೆ ಎಷ್ಟು ಹಾಲಿನ ಕವರು ಬಂತು, ಎಷ್ಟು ಚಿಪ್ಸ್ ಪೊಟ್ಟಣ, ಎಷ್ಟು ಪ್ಲಾಸ್ಟಿಕ್ ಡಬ್ಬಿ? ದಿನಾ ಬರೆಯಬೇಕು, ಭಾನುವಾರ ಎಲ್ಲವನ್ನೂ ತೂಕಕ್ಕೆ ಒಪ್ಪಿಸಬೇಕು. ವಠಾರದ ಒಡತಿ ಬೈರಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಡಬ್ಬಿ ಎಣ್ಸಕ್ಕೆ ಇಷ್ಟು ಓದ್ಬೇಕೇನವ್ವಾ?”

ಶನಿವಾರ ಸಂಜೆಗೆ ಹಾಳೆಗಳು ಬಂದವು. ಡಬ್ಬಿಗಳು ಒಟ್ಟು ನಲವತ್ತಮೂರು! ಪ್ರಿಯದರ್ಶಿನಿಗೆ ಹಿಗ್ಗೋ ಹಿಗ್ಗು. ವಠಾರದ ಲೆಕ್ಕ ಅವಳ ಗೆರೆಯ ತುದಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು. ಗ್ರಾಫು ಬರೆದು, ಬಣ್ಣ ತುಂಬಿ, ನೆಮ್ಮದಿಯಾಗಿ ಮಲಗಿದಳು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಕುಳಿತಳು. ಕವರು, ಪೊಟ್ಟಣಗಳು ಲೆಕ್ಕದಂತೆಯೇ ಬಂದವು. ಡಬ್ಬಿಗಳು ಮಾತ್ರ ಬಂದದ್ದು ಒಂಬತ್ತು. ಒಂದೂ ಖಾಲಿ ಇರಲಿಲ್ಲ. ಒಂದರಲ್ಲಿ ಅವರೆಕಾಳು ಸಾರು, ಒಂದರಲ್ಲಿ ಪಕ್ಕದ ಮನೆಯ ಸಾಬಿರಾ ಕಳಿಸಿದ ಶಾವಿಗೆ, ಇನ್ನೊಂದರಲ್ಲಿ ಎದುರು ಮನೆಯ, ಸಿಂಧನೂರು ಕಡೆಯ ಜಟ್ಟೆಮ್ಮ ಬಡಿದ ಜೋಳದ ರೊಟ್ಟಿ, ನಾಲ್ಕಾಗಿ ಮಡಚಿದ್ದು. ತಕ್ಕಡಿಯ ಮುಳ್ಳು ಕಂಗಾಲಾಗಿ ಆ ತುದಿಗೆ ಹೋಗಿ ನಿಂತಿತು.

“ಅಕ್ಕಾ, ನಾ ಕೇಳಿದ್ದು ಖಾಲಿ ಡಬ್ಬಿ!”

“ಖಾಲಿ ಹ್ಯಾಂಗ ಕೊಡ್ಲಿಬೇ?” ಜಟ್ಟೆಮ್ಮನಿಗೆ ನಿಜಕ್ಕೂ ಬೇಜಾರಾಯಿತು. “ನೀನೂ ನಮ್ಮ ಕಡೆಯಾಕಿ. ಮಂದಿ ಮನಿ ಡಬ್ಬಿ ಖಾಲಿ ತಿರುಗಿ ಕೊಡ್ತಾರೇನು?”

“ಉಳಿದ ಮೂವತ್ನಾಲ್ಕು ಎಲ್ಲಿ?”

“ಎಲ್ಲಿವೆ ಅಂದ್ರ? ಇವೇ ಅಲ್ಲೇನು!” ಜಟ್ಟೆಮ್ಮ ಮೂಲೆ ಸುಟ್ಟ ಒಂದು ಡಬ್ಬಿಯನ್ನು ಎತ್ತಿ ತೋರಿಸಿದಳು. ಅದು ಸೋಮವಾರ ನೂಡಲ್ಸ್ ಹೊತ್ತು ಬೈರಮ್ಮನ ಮನೆಗೆ ಬಂದದ್ದು. ಮಂಗಳವಾರ ಸಾರು ತುಂಬಿಕೊಂಡು ಜಟ್ಟೆಮ್ಮನ ಮನೆಗೆ ಹೋಗಿ, ಒಲೆಯ ಪಕ್ಕ ಕುಳಿತು ಮೂಲೆ ಸುಟ್ಟುಕೊಂಡಿತು. ಬುಧವಾರ ಶೇಂಗಾ ಚಟ್ನಿಯೊಂದಿಗೆ ವಾಪಸು. ಗುರುವಾರ ಉಪ್ಪಿಟ್ಟಿನ ಜೊತೆ ಸಾಬಿರಾಳಲ್ಲಿಗೆ. ಹೋದಲ್ಲೆಲ್ಲ, ಹೇಳಿದ ಮಾತಿಗೆ ತಪ್ಪದೆ, ಆ ಮನೆಯವರು ಹಾಳೆಯಲ್ಲಿ ‘ಒಂದು’ ಎಂದು ಬರೆದಿದ್ದರು. ಶುಕ್ರವಾರ ಅದು ಶಾವಿಗೆ ಹೊತ್ತು ಪ್ರಿಯದರ್ಶಿನಿಯ ಕೋಣೆಗೂ ಬಂದಿತ್ತು. ಅವಳೂ ಶಾವಿಗೆ ತಿಂದು, ‘ಒಂದು’ ಎಂದು ಬರೆದು, ಅವ್ವ ಕಳಿಸಿದ ಶೇಂಗಾ ಉಂಡೆ ತುಂಬಿ ಮರಳಿಸಿದ್ದಳು. ಸಂಶೋಧಕಿಯ ಕೈ ಮಾಡಿದ್ದು ಸಂಶೋಧಕಿಯ ತಲೆಗೆ ಗೊತ್ತೇ ಆಗಿರಲಿಲ್ಲ.

ಅವಳ ಲೆಕ್ಕಾಚಾರದಲ್ಲಿ ಡಬ್ಬಿಯ ಆಯುಸ್ಸು ಅರ್ಧ ಗಂಟೆ. ಬರುತ್ತದೆ, ಕಸವಾಗುತ್ತದೆ. ಪ್ರತಿ ‘ಒಂದು’ ಎಂದರೆ ಹೊಸದೊಂದು. ನಲವತ್ತಮೂರು ಎಂದು ಹೇಳಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಗೆರೆಯೂ ಚೆನ್ನಾಗಿದೆ. ಒಂಬತ್ತು ಎಂದರೆ ಅಧ್ಯಾಯ ಬಿದ್ದುಹೋಗಬಹುದು. ಅಷ್ಟನ್ನೂ ಬೈರಮ್ಮನೆದುರು ಹೇಳಿಕೊಂಡು ಅತ್ತಳು.

“ಸುಳ್ಳು ಬರೀತೀಯಾ?” ಬೈರಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತರು. “ನಾನು ರಸೆಲ್ ಮಾರ್ಕೆಟ್ಟಿಗೆ ಸೊಪ್ಪು ಹೊರ್ತಿದ್ದೆ. ಮಂಕ್ರಿ ಬರಿದು ಮಾಡ್ಕೊಂಡು ಮನೆಗ್ ಬಂದ್ರೆ ನಮ್ಮತ್ತೆ ಒಳಕ್ಕೇ ಬಿಡ್ತಿರಲಿಲ್ಲ. ಒಂದ್ ಹಿಡಿ ಪುರಿಯಾದ್ರೂ ಇರ್ಬೇಕು. ಅದನ್ನ ನಿಮ್ಮ ಮೇಷ್ಟ್ರಿಗೆ ಹೇಳು.”

ಸೋಮವಾರ ಅವಳು ದೊಮ್ಮಲೂರಿನ ಸಂಸ್ಥೆಗೆ ಸಾಕ್ಷಿಗೆಂದು ಮೂಲೆ ಸುಟ್ಟ ಡಬ್ಬಿಯನ್ನೇ ಒಯ್ದಳು. ಬೈರಮ್ಮ ಬಿಟ್ಟಾರೆಯೇ? ಅದರೊಳಗೆ ಚಿತ್ರಾನ್ನವಿತ್ತು.

ಶ್ರೀನಿವಾಸ್ ಸರ್ ಕನ್ನಡಕ ಮೇಲೇರಿಸಿ ಎಲ್ಲವನ್ನೂ ಕೇಳಿದರು. “ಕವರು, ಪೊಟ್ಟಣದ ಲೆಕ್ಕ ಇಟ್ಕೋ. ಡಬ್ಬಿ ಭಾಗ ತೆಗೆದುಬಿಡು. ಇದು ಒಂದು ವಠಾರದ ಅಭ್ಯಾಸ ಅಷ್ಟೇ. ಬೇರೆ ಯಾರು ಹೀಗ್ ಮಾಡ್ತಾರೆ?”

“ತೆಗೆಯಲ್ಲ ಸರ್,” ಎಂದಳು ಪ್ರಿಯದರ್ಶಿನಿ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. “ದೇಶದ ಗೆರೆ ಇದರಿಂದ ಕೆಳಗೆ ಇಳಿಯಲ್ಲ, ನಂಗೂ ಗೊತ್ತು. ಆದ್ರೆ ನಾವು ಮಾಡಿದ್ದನ್ನ ಮಾಡಿಲ್ಲ ಅಂತ ಹೆಂಗೆ ಬರೀಲಿ?”

“ಗುರುವಾರ ಬಾ. ನೋಡೋಣ.”

ಆ ‘ನೋಡೋಣ’ ಅವಳನ್ನು ಮೂರು ದಿನ ಸುಟ್ಟಿತು. ಗಾಬರಿಯಲ್ಲಿ ಡಬ್ಬಿಯನ್ನು ಸರ್ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದಳು. ದಿನಾ ಸಂಜೆ ಬೈರಮ್ಮನದು ಒಂದೇ ಪ್ರಶ್ನೆ: “ಡಬ್ಬಿ ಬಂತಾ?”

ಗುರುವಾರ ಡಬ್ಬಿ ಮೇಜಿನ ಮೇಲೆಯೇ ಇತ್ತು, ಬೆಳಗಿ ತೊಳೆದದ್ದು. ಮುಚ್ಚಳದೊಳಗಿಂದ ಕೋಡುಬಳೆಗಳು ಕಾಣುತ್ತಿದ್ದವು. ಶ್ರೀನಿವಾಸ್ ಸರ್ ಫ್ಯಾನು ನೋಡಿಕೊಂಡು ಹೇಳಿದರು, “ಚಿತ್ರಾನ್ನ ಚೆನ್ನಾಗಿತ್ತಮ್ಮ. ನಮ್ಮನೆಯವರು... ಖಾಲಿ ಕೊಡ್ಬೇಡಿ ಅಂದ್ರು.”

ಪ್ರಿಯದರ್ಶಿನಿ ನಗು ತಡೆಯಲು ಕೆನ್ನೆಯ ಒಳಭಾಗ ಕಚ್ಚಿಕೊಂಡಳು. ಚೀಲದಿಂದ ಹಾಳೆ ತೆಗೆದು, ಎಂಟು ಮನೆಗಳ ಕೆಳಗೆ ಇನ್ನೊಂದು ಗೆರೆ ಎಳೆದಳು.

“ಸರ್, ನಿಮ್ಮ ಮನೆಯನ್ನ ಒಂಬತ್ತನೇದು ಅಂತ ಬರೀಲಾ?”

ಅವರು ಡಬ್ಬಿಯನ್ನು ಅವಳ ಕಡೆಗೆ ಸರಿಸಿದರು. ಆಮೇಲೆ ಅಧ್ಯಾಯವನ್ನು ಹತ್ತಿರಕ್ಕೆ ಎಳೆದುಕೊಂಡು, ಪೆನ್ನಿಗಾಗಿ ಜೇಬು ತಡಕಿದರು. “ಬರಿ,” ಎಂದರು.

ಸಂಜೆ ಅಂಗಳದಲ್ಲಿ ಬೈರಮ್ಮ ಒಂದು ಕೋಡುಬಳೆ ಕಡಿದರು. ಸಹಿ ಬಿದ್ದ ಅಧ್ಯಾಯವನ್ನು ಪ್ರಿಯದರ್ಶಿನಿ ಅವರ ಮುಂದೆ ಹಿಡಿದಳು. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ.

“ಮೇಷ್ಟ್ರ ಹೆಂಡ್ತಿ ಕೈ ಚೆನ್ನಾಗೈತೆ,” ಎಂದರು. “ನಾಳೆ ಏನ್ ತುಂಬಿ ಕಳ್ಸಾನ?”