ಹಾಲಿಗೆ ಹೆದರುವ ಸೀಸೆಯಮ್ಮ

ಹಾಲನ್ನು ಕಂಡರೆ ಹೆದರುವ ಮನುಷ್ಯರನ್ನು ನನ್ನ ಬದುಕಿನಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಮತ್ತು ಅವರ ಉದ್ಯೋಗವೇ ದಿನವಿಡೀ ಹಾಲನ್ನು ನೋಡುವುದಾಗಿತ್ತು. ತುಂಬಿದ ಹಾಲಿನ ಪಾತ್ರೆಯೆದುರು ಅವರು ನಿಲ್ಲುತ್ತಿದ್ದ ಭಂಗಿ, ಪರಿಚಯವಿಲ್ಲದ ನಾಯಿಯೆದುರು ನಾವು ನೀವು ನಿಲ್ಲುವಂಥದ್ದು: ಮೈ ಹಿಂದಕ್ಕೆ, ಕಣ್ಣು ಮುಂದಕ್ಕೆ, ಕೈಗಳು ನಿಶ್ಚಲ. ನಾವೆಲ್ಲ ಶುಭ್ರತೆಗೆ, ಮುಗ್ಧತೆಗೆ, ವಾತ್ಸಲ್ಯಕ್ಕೆ ಉಪಮೆಯಾಗಿ ಬಳಸಿ ಸವೆಸಿರುವ ಆ ಧವಳ ದ್ರವದಲ್ಲಿ ಅವರು ಬೇರೇನನ್ನೋ ಹುಡುಕುತ್ತಿದ್ದರು. "ಬೆಳ್ಳಗಿದೆ ಅನ್ನೋದು ಬಣ್ಣದ ಸಮಾಚಾರ," ಎನ್ನುತ್ತಿದ್ದರು. "ಹಾಲಿನ ಸಮಾಚಾರ ಬೇರೆ."

ಕಾಯಿಸದ ಹಸಿ ಹಾಲನ್ನು ಕೊಟ್ಟಿಗೆಯಿಂದ ನೇರವಾಗಿ ಗಿರಾಕಿಗಳಿಗೆ ಮಾರುವವರಿದ್ದಾರಲ್ಲ, ಅವರ ಹಸುಗಳನ್ನೂ ಪಾತ್ರೆಗಳನ್ನೂ ಪರೀಕ್ಷಿಸಿ, ಹಾಲಿನ ಸ್ಯಾಂಪಲ್ ಒಯ್ದು, ಮಾರಬಹುದೇ ಕೂಡದೇ ಎಂದು ಹೇಳುವುದು ಅವರ ಕೆಲಸ. ಎಲ್ಲಿಗೆ ಹೋದರೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆರು ಸಣ್ಣ ಸೀಸೆಗಳು ಕಿಣಿಕಿಣಿ ಎನ್ನುತ್ತ ಜೊತೆಗೆ ಬರುತ್ತಿದ್ದುದರಿಂದ ಜನ ಅವರನ್ನು ಸೀಸೆಯಮ್ಮ ಎಂದರು. ಕುಳ್ಳಗಿನ ದೇಹ, ಮೊಳಕಾಲು ಮುಚ್ಚುವ ಬೂದು ಬಣ್ಣದ ಕೋಟು, ಕೋಟಿನ ಪ್ರತಿ ಜೇಬಿನಲ್ಲೂ ಒಂದೊಂದು ಜೊತೆ ಹೊಸ ಕೈಗವಸು. ಕುದಿವ ನೀರಿನಲ್ಲಿ ಅದ್ದಿ ಅದ್ದಿ ಆ ಕೋಟು ತನ್ನ ಮೂಲವರ್ಣವನ್ನು ಎಂದೋ ಮರೆತಿತ್ತು. ಸಗಣಿ ಬಿದ್ದ ಅಂಗಳದಲ್ಲಿ ಅವರು ನಡೆಯುತ್ತಿದ್ದುದು ಪಾದವನ್ನು ನೇರಕ್ಕೆ ಎತ್ತಿ ನೇರಕ್ಕೆ ಇಳಿಸಿ, ನೀರೊಳಗೆ ಮೀನಿಗೆ ಕಾದ ಹಕ್ಕಿಯ ಹಾಗೆ. ಯಾರ ಮನೆಯಲ್ಲೂ ಕೂರುತ್ತಿರಲಿಲ್ಲ, ಯಾರು ಕೊಟ್ಟ ಲೋಟವನ್ನೂ ಮುಟ್ಟುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಲ್ಲ ಚೆನ್ನಾಗಿಯೇ ಬಂದರೂ "ಚೆನ್ನಾಗಿದೆ" ಎಂಬ ಪದ ಅವರ ಬಾಯಿಂದ ಹೊರಡುತ್ತಿರಲಿಲ್ಲ. "ಇವತ್ತಿಗೆ ಸರಿ ಇದೆ," ಎಂದು ಸಣ್ಣ ದನಿಯಲ್ಲಿ ಹೇಳಿ, ಆ "ಇವತ್ತಿಗೆ" ಎಂಬುದನ್ನು ಇನ್ನೊಂದು ಸಲ ತಮ್ಮಷ್ಟಕ್ಕೇ ಗೊಣಗಿಕೊಂಡು ಹೊರಟುಬಿಡುತ್ತಿದ್ದರು.

ನಾನು ಅವರನ್ನು ಕಂಡದ್ದು ಅಕ್ಕನ ಮನೆಯಲ್ಲಿ. ಭಾವ ಮೂವತ್ತು ಹಸುಗಳ ಒಡೆಯ. ಪೇಟೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಉದ್ದನೆಯ ಕೊಟ್ಟಿಗೆ, ಪಕ್ಕದಲ್ಲಿ ಗೋಡೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ ಹಾಲಿನ ಕೋಣೆ, ಗೇಟಿನ ಬಳಿ ಒಂದು ಪುಟ್ಟ ಅಂಗಡಿ. ಕಾಯಿಸಿದರೆ ಹಾಲಿನ ಜೀವವೇ ಹೋಗುತ್ತದೆ ಎಂದು ನಂಬಿದ ಜನ ದೂರದೂರದಿಂದ ಕಾರಿನಲ್ಲಿ ಬಂದು, ಸಾಲಿನಲ್ಲಿ ನಿಂತು, ತಣ್ಣನೆಯ ಬಾಟಲಿಗಳನ್ನು ಎದೆಗವಚಿಕೊಂಡು ಹೋಗುತ್ತಿದ್ದರು. ಭಾವ ಮೋಸಗಾರನಲ್ಲ, ಹಸುಗಳನ್ನು ಹೆಸರು ಹಿಡಿದು ಕರೆಯುವವನು, ಅವುಗಳ ಕೆಮ್ಮನ್ನು ಗೋಡೆಯಾಚೆಯಿಂದಲೇ ಗುರುತಿಸುವವನು. ಆದರೆ ಸೀಸೆಯಮ್ಮನ ನಿಯಮಗಳೆಂದರೆ ಅವನಿಗೆ ತಲೆನೋವು. ಮೊದಲ ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ ಗಂಟು ಕಟ್ಟಿದೆಯೇ ನೋಡಬೇಕು. ಕೆಚ್ಚಲು ಒರೆಸಲು ಒಂದೊಂದು ಹಸುವಿಗೂ ಬೇರೆಯದೇ ಬಟ್ಟೆ. ಕರೆದ ಹಾಲು ಎರಡು ಗಂಟೆಯೊಳಗೆ ನಾಲ್ಕು ಡಿಗ್ರಿಗೆ ಇಳಿಯಬೇಕು. ಬಾಟಲಿಯ ಮೇಲೆ ಇದು ಕಾಯಿಸದ ಹಾಲು ಎಂಬ ಎಚ್ಚರಿಕೆ ಅಚ್ಚಾಗಿರಬೇಕು. "ಇವರಮ್ಮನೂ ಇಷ್ಟು ನಿಯಮ ಹಾಕಿರ್ಲಿಕ್ಕಿಲ್ಲ ಇವರಿಗೆ ಹಾಲು ಕುಡಿಸೋಕೆ," ಎಂದು ಅವನು ನಗಾಡುತ್ತಿದ್ದ.

ಒಂದು ದಿನ ಅವರು ಹಾಲಿನ ಕೋಣೆಯ ಹಿಂದಿನ ತಂತಿಯ ಮುಂದೆ ಬಹಳ ಹೊತ್ತು ನಿಂತರು. ಅಲ್ಲಿ ಮೂವತ್ತು ಬಿಳಿ ಬಟ್ಟೆಗಳು ನೇತಾಡುತ್ತಿದ್ದವು. ಒಂದೊಂದನ್ನೂ ಬೆರಳಿನಿಂದ ಹಿಡಿದು ನೋಡಿ, ಕೊನೆಗೆ ಭಾವನ ಕಡೆ ತಿರುಗಿದರು.

"ಬಟ್ಟೆ ಮೂವತ್ತು ಇದಾವೆ. ಆದ್ರೆ ಸವೆದಿರೋದು ಒಂದೇ."

ಭಾವನ ಮುಖ ಕಪ್ಪಿಟ್ಟಿತು. ಇಪ್ಪತ್ತೊಂಬತ್ತು ಬಟ್ಟೆಗಳು ಅಂಗಡಿಯಿಂದ ತಂದ ಗರಿಗರಿಯಲ್ಲೇ ಇದ್ದವು; ತಪಾಸಣೆಯ ದಿನ ಮಾತ್ರ ತಂತಿಗೇರುವ ಬಟ್ಟೆಗಳು. ಉಳಿದ ದಿನ ಮೂವತ್ತು ಕೆಚ್ಚಲಿಗೂ ಒಂದೇ ಚಿಂದಿ. ಅವರು ಬೈಯಲಿಲ್ಲ, ಬೈಯಲು ಅವರಿಗೆ ಬರುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳುವಾಗ ಪೆನ್ನು ಹಿಡಿದ ಬೆರಳು ನಡುಗುತ್ತಿದ್ದುದನ್ನು ನಾನು ಕಂಡೆ. ಭಾವ ಇನ್ನು ಮುಂದೆ ಹಾಗಾಗುವುದಿಲ್ಲವೆಂದು ಮಾತು ಕೊಟ್ಟ.

ಆಗ ನಾನು ಪತ್ರಿಕೆಯೊಂದಕ್ಕೆ ವಾರವಾರ ಹಗುರ ಪ್ರಬಂಧ ಬರೆಯುತ್ತಿದ್ದೆ. ಆ ನಡುಗುವ ಬೆರಳು, ಆ ಹಕ್ಕಿನಡಿಗೆ, ಆ ಕೋಟು ಎಲ್ಲವನ್ನೂ ಬಳಸಿಕೊಂಡು, ಹೆದರುವುದಕ್ಕೇ ಸಂಬಳ ಪಡೆಯುವ ಸರ್ಕಾರಿ ನೌಕರಿಯೊಂದಿದೆ ಎಂದು ಒಂದು ಲೇಖನ ಬರೆದೆ. ಜನ ಬಿದ್ದುಬಿದ್ದು ನಕ್ಕರು. ಭಾವ ಅದನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ಮುಂದಿನ ಸಲ ಸೀಸೆಯಮ್ಮ ಬಂದಾಗ ಅದರ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಒಳಗೆ ಅವಿತುಕೊಳ್ಳಬೇಕೆನ್ನುವಷ್ಟರಲ್ಲಿ ಕರೆದರು.

"ಚೆನ್ನಾಗಿ ಬರ್ದಿದೀರಿ. ಒಂದು ತಪ್ಪಿದೆ ನೋಡಿ. ಹಾಲು ತಣ್ಣಗಾಗೋಕೆ ಎರಡು ಗಂಟೆ, ನೀವು ಮೂರು ಅಂತ ಹಾಕಿದೀರಿ. ಅಷ್ಟೊಂದು ಜನ ಓದ್ತಾರೆ, ಯಾರಾದ್ರೂ ನಂಬಿಬಿಟ್ರೆ?"

ಅಷ್ಟು ಹೇಳಿ ಹಾಲು ತಣಿಸುವ ಟ್ಯಾಂಕಿನ ಹತ್ತಿರ ಹೋದರು. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಇದಾದ ಎರಡು ತಿಂಗಳಿಗೆ, ಒಂದು ಗುರುವಾರ, ಎಂದಿನಂತೆ ಟ್ಯಾಂಕಿನ ಹಾಲನ್ನು ಚೆನ್ನಾಗಿ ಕಲಕಿಸಿ ಸೀಸೆ ತುಂಬಿಸಿಕೊಂಡು ಹೋದರು. ಶನಿವಾರ ಬೆಳಿಗ್ಗೆ, ಹಾಲು ಕರೆಯುವ ಯಂತ್ರ ಇನ್ನೂ ಓಡುತ್ತಿರುವಾಗಲೇ, ಗೇಟಿನಲ್ಲಿ ಕಾಣಿಸಿಕೊಂಡರು. ಕೋಟಿನ ಗುಂಡಿಗಳು ಒಂದೊಂದು ಮನೆ ತಪ್ಪಿ ಸಿಕ್ಕಿಕೊಂಡಿದ್ದವು. ಅಂಗಳದ ಸಗಣಿಯನ್ನು ಅವರು ಅಂದು ತುಳಿದುಕೊಂಡೇ ಬಂದರು.

"ಸ್ಯಾಂಪಲ್‌ನಲ್ಲಿ ಕೆಟ್ಟ ರೋಗಾಣು ಇರೋ ಸೂಚನೆ ಬಂದಿದೆ. ಖಾತ್ರಿ ಆಗೋಕೆ ಸೋಮವಾರ ಆಗುತ್ತೆ. ಅಲ್ಲಿವರೆಗೆ ಒಂದು ಬಾಟಲಿನೂ ಕೊಡ್ಬೇಡಿ."

"ಬಾಗಿಲು ಹಾಕಿ ಅಂತ ಆರ್ಡರ್ ಇದೆಯಾ?" ಭಾವ ಕೇಳಿದ.

"ಇಲ್ಲ. ಖಾತ್ರಿ ಆಗದೆ ಆರ್ಡರ್ ಕೊಡೋ ಅಧಿಕಾರ ನನಗಿಲ್ಲ. ಕೇಳ್ಕೋತಾ ಇದೀನಿ."

"ಹಾಗಾದ್ರೆ ಖಾತ್ರಿ ಮಾಡ್ಕೊಂಡೇ ಬನ್ನಿ ತಾಯಿ. ಸೂಚನೆಗೆಲ್ಲ ಅಂಗಡಿ ಮುಚ್ತಾ ಕೂತ್ರೆ ಆಯ್ತು ಕತೆ."

ಅವರು ಗೇಟಿನ ಹೊರಗೆ ಹೋಗಿ, ಅಂಗಡಿಗೂ ರಸ್ತೆಗೂ ನಡುವೆ ನಿಂತರು. ಬಂದ ಪ್ರತಿ ಕಾರಿನ ಕಿಟಕಿಗೆ ಬಾಗಿ ಅದೇ ಮಾತು: ಗುರುವಾರದ ಹಾಲಿನಲ್ಲಿ ಅನುಮಾನವಿದೆ, ಇವತ್ತು ಕೊಳ್ಳಬೇಡಿ, ಮನೆಯಲ್ಲಿರುವುದನ್ನು ಚೆಲ್ಲಿ, ಮಕ್ಕಳಿಗೆ ಕೊಟ್ಟಿದ್ದೀರಾ? ಸ್ವಭಾವತಃ ಅಂಜುಬುರುಕಿಯಾದ, ಎದುರಿಗಿದ್ದವರು ಸ್ವಲ್ಪ ಜೋರಾದರೆ ನೆಲ ನೋಡುವ ಆ ಹೆಂಗಸು ಅಂದು ಅಲ್ಲಿಂದ ಕದಲಲಿಲ್ಲ. ಒಬ್ಬ, "ಹತ್ತು ವರ್ಷದಿಂದ ಕುಡೀತಿದೀವಿ, ಏನೂ ಆಗಿಲ್ಲ. ನಿಮ್ಮ ಹೊಟ್ಟೆ ಉರಿಗೆ ನಮ್ಮ ಹಾಲು ಯಾಕೆ ನಿಲ್ಲಿಸ್ತೀರಿ?" ಎಂದು ಕೂಗಾಡಿ ಅವರನ್ನು ತಳ್ಳಿಕೊಂಡೇ ಒಳಗೆ ಹೋದ. ಅವರು ಕೋಟನ್ನು ಸರಿಮಾಡಿಕೊಂಡು ಮುಂದಿನ ಕಾರಿನ ಕಡೆ ನಡೆದರು. ಹತ್ತು ಹೆಜ್ಜೆ ದೂರದಲ್ಲಿದ್ದ ನಾನು ಬಾಯಿ ಬಿಡಲಿಲ್ಲ.

ಆಗ ಮನೆಯೊಳಗಿಂದ ಅಕ್ಕ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೇರ ಅವರ ಮುಂದೆ ನಿಂತಳು.

"ನನ್ನ ಮಗಳು ಗುರುವಾರದ ಹಾಲು ಕುಡಿದಿದಾಳೆ."

"ಎಷ್ಟು?"

"ಒಂದು ಲೋಟ. ದಿನಾ ಕುಡೀತಾಳಲ್ಲ."

ಸೀಸೆಯಮ್ಮ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಅಂಥ ಮುಖವನ್ನು ನಾನು ವೈದ್ಯರಲ್ಲಿ ಮಾತ್ರ ಕಂಡಿದ್ದೆ. ಅಕ್ಕ ಒಂದು ಕ್ಷಣ ಆ ಮುಖವನ್ನೇ ನೋಡಿ, ಅಂಗಡಿಗೆ ಹೋಗಿ, ಗಂಡನ ಕಣ್ಣೆದುರೇ ಷಟರ್ ಎಳೆದು ಬೀಗ ಹಾಕಿದಳು. ಭಾವ ಏನೋ ಹೇಳಹೊರಟವನು ಅವಳ ಕಣ್ಣು ಕಂಡು ಪಕ್ಕಕ್ಕೆ ಸರಿದ.

ಹೊರಡುವ ಮೊದಲು ಸೀಸೆಯಮ್ಮ ಅಕ್ಕನಿಗೆ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಏನೂ ಆಗದೇ ಇರಬಹುದು. ಆದ್ರೆ ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹೊಟ್ಟೆನೋವು, ಭೇದಿ ಶುರುವಾದ್ರೆ ನಿಲ್ಲಿಸೋ ಮಾತ್ರೆ ನೀವಾಗಿ ಕೊಡ್ಬೇಡಿ. ಸೀದಾ ಆಸ್ಪತ್ರೆಗೆ ಹೋಗಿ. ಡಾಕ್ಟ್ರ ಹತ್ರ ಮೊದಲನೇ ಮಾತೇ ಹಸಿ ಹಾಲು ಅಂತ ಹೇಳಿ. ಎಷ್ಟು ಸಲ ಉಚ್ಚೆ ಹೊಯ್ತಾಳೆ ಬರೆದಿಡಿ."

ಆಮೇಲಿನ ದಿನಗಳನ್ನು ನಾನು ಬದುಕಿದೆನೋ ಎಣಿಸಿದೆನೋ ಹೇಳಲಾರೆ. ಆರು ವರ್ಷದ ಪುಟ್ಟಿ ಏನೂ ಅರಿಯದೆ ಅಂಗಳದಲ್ಲಿ ಕುಣಿಯುತ್ತಿದ್ದಳು. ಅವಳು ಓಡಿದರೆ ನಮಗೆ ಜೀವ ಬರುತ್ತಿತ್ತು, ಕೂತರೆ ಹೋಗುತ್ತಿತ್ತು. "ಯಾಕೆ ಮಾಮ ಎಲ್ರೂ ನನ್ನೇ ನೋಡ್ತೀರಾ?" ಎಂದು ಕೇಳುತ್ತಿದ್ದಳು. ಸೀಸೆಯಮ್ಮ ಅತ್ತ ತಮ್ಮ ಆಫೀಸಿನಲ್ಲಿ ಕೂತು ಗುರುವಾರದಿಂದ ಅಂಗಡಿಗೆ ಬೀಗ ಬೀಳುವವರೆಗೆ ಹಾಲು ಒಯ್ದ ನಲವತ್ತೊಂದು ಮನೆಗಳನ್ನು ಪತ್ತೆಮಾಡಿ, ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು. ಬೈಸಿಕೊಳ್ಳುತ್ತಿದ್ದರು, ಮತ್ತೆ ಮಾಡುತ್ತಿದ್ದರು. ಕಂಡಷ್ಟು ದೂರವೂ ಬೆಳಗು, ಬಿಸಿಲು, ಮೇಯುವ ಹಸುಗಳು, ಎಲ್ಲವೂ ನಿನ್ನೆಯಂತೆಯೇ. ಅಪಾಯಕ್ಕೆ ಒಂದು ವಾಸನೆಯಾದರೂ ಇರಬಾರದಿತ್ತೇ ಎನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಖಾತ್ರಿಯಾಯಿತು. ಸೋಮವಾರ ಸಂಜೆ ಪುಟ್ಟಿ ಹೊಟ್ಟೆ ಹಿಡಿದುಕೊಂಡು ಕೂತಳು. ಮಂಗಳವಾರ ಭೇದಿಯಲ್ಲಿ ರಕ್ತ ಕಂಡಿತು.

ಆಸ್ಪತ್ರೆಯ ಬಾಗಿಲಲ್ಲೇ ಅಕ್ಕ "ಹಸಿ ಹಾಲು" ಎಂದಳು, ಡಾಕ್ಟರ ಹುಬ್ಬು ಮೇಲೇರಿತು, ಮುಂದಿನ ಪರೀಕ್ಷೆಗಳೆಲ್ಲ ಅದರ ಜಾಡಿನಲ್ಲೇ ನಡೆದವು. ಹೊಟ್ಟೆನೋವು ಶುರುವಾದ ಆರನೆಯ ದಿನ ಮಗುವಿನ ಮುಖ ಊದಿಕೊಂಡಿತು. ಅಕ್ಕ ಬರೆದಿಟ್ಟ ಕಾಗದದಲ್ಲಿ ದಿನಕ್ಕೆ ಆರು, ನಾಲ್ಕು, ಎರಡು ಎಂದಿದ್ದದ್ದು ಅಂದು ಸೊನ್ನೆಯಾಗಿತ್ತು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ನಾನು ಒಂದೇ ತೋಳಿನಲ್ಲಿ ಎತ್ತುತ್ತಿದ್ದ ಆ ಮೈಯಿಂದ ರಕ್ತ ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ತೊಳೆದು, ಮರಳಿ ಬರತೊಡಗಿತು. ಭಾವ ಹೊರಗೆ ಬೆಂಚಿನ ಮೇಲೆ ಕುಳಿತು, ಯಾರೂ ಕೇಳದೆಯೇ, "ಎರಡು ವಾರ ಬೇರೆ ಬೇರೆ ಬಟ್ಟೆ ಬಳಸಿದ್ದೆ. ಆಮೇಲೆ ಮತ್ತೆ ಅದೇ ಬಟ್ಟೆ. ಒಗೆಯೋದು ಯಾರು ಅಂತ," ಎಂದ. ಅಷ್ಟು ದೊಡ್ಡ ಗಂಡಸು ತನ್ನೆರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಸೀಸೆಯಮ್ಮ ಪ್ರತಿದಿನ ಮಧ್ಯಾಹ್ನ ಬರುತ್ತಿದ್ದರು. ವಾರ್ಡಿನೊಳಗೆ ಕಾಲಿಡದೆ ಕಾರಿಡಾರಿನ ಗೋಡೆಗೊರಗಿ ನಿಂತು, ಅಕ್ಕ ಹೊರಬಂದಾಗ "ಇವತ್ತು?" ಎಂದಷ್ಟೇ ಕೇಳುತ್ತಿದ್ದರು. ಅಕ್ಕ ಇನ್ನೂ ಇಲ್ಲವೆಂದು ತಲೆಯಾಡಿಸಿದರೆ ಹೊರಡುತ್ತಿದ್ದರು. ಒಂದು ದಿನ ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಕ್ಷಮೆ ಕೇಳಬೇಕೆಂದುಕೊಂಡಿದ್ದವನ ಬಾಯಿಂದ ಬಂದದ್ದು ಬೇರೆಯೇ.

"ನಿಮಗೆ ಹಿಂದೆ ಇಂಥದ್ದೇನಾದ್ರೂ ಆಗಿತ್ತಾ? ನಿಮ್ಮ ಮನೇಲಿ, ಯಾರಿಗಾದ್ರೂ? ಅದಕ್ಕೇ ಇಷ್ಟು ಹೆದರ್ತೀರಾ?"

ಅವರು ನಿಜಕ್ಕೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಏನೂ ಆಗಿಲ್ಲಪ್ಪ. ಆಗ್ಲೇಬೇಕಾ ಹೆದರೋಕೆ?"

"ಅಂತೂ ನೀವು ಹೇಳಿದ್ದೇ ನಿಜವಾಯ್ತು."

"ಆಗಬಾರದಿತ್ತು," ಎಂದರು ಅವರು. "ಸುಳ್ಳಾಗಿದ್ರೆ ಎಲ್ರೂ ನಗ್ತಿದ್ರಿ. ಅಷ್ಟೇ ತಾನೇ? ನೀವು ಇನ್ನೊಂದು ಲೇಖನ ಬರೀತಿದ್ರಿ. ನಾನು ಓದ್ತಿದ್ದೆ." ಅದರಲ್ಲಿ ಚುಚ್ಚುವ ಉದ್ದೇಶ ಲವಲೇಶವೂ ಇರಲಿಲ್ಲ. ಎರಡು ಸಾಧ್ಯತೆಗಳನ್ನು ಎದುರುಬದುರಿಟ್ಟು ಅವರು ತೂಗಿ ನೋಡುತ್ತಿದ್ದರು, ಮತ್ತು ಯಾವುದು ಹಗುರವೆಂಬುದರ ಬಗ್ಗೆ ಅವರಿಗೆ ಸಂದೇಹವೇ ಇರಲಿಲ್ಲ.

ಎಂಟು ದಿನ ಯಂತ್ರ ಓಡಿತು. ಒಂಬತ್ತನೆಯ ದಿನ ಪುಟ್ಟಿ ಉಚ್ಚೆ ಹೊಯ್ದಳೆಂದು ಅಕ್ಕ ಕಾರಿಡಾರಿಗೆ ಓಡಿಬಂದು ಅಪರಿಚಿತರಿಗೆಲ್ಲ ಹೇಳಿದಳು. ನಲವತ್ತೊಂದು ಮನೆಗಳಲ್ಲಿ ಇನ್ನಿಬ್ಬರು ಮಕ್ಕಳಿಗೆ ಭೇದಿ ಬಂದು ಹೋಯಿತು. ಹೆಚ್ಚಿನವರು ಫೋನು ಬಂದೊಡನೆ ಹಾಲು ಚೆಲ್ಲಿದ್ದರು. ಯಾರೂ ಸಾಯಲಿಲ್ಲ. ಪುಟ್ಟಿ ಈಗ ಎತ್ತರ ಬೆಳೆದಿದ್ದಾಳೆ, ವರ್ಷಕ್ಕೆರಡು ಸಲ ಪರೀಕ್ಷೆಗೆ ಹೋಗುತ್ತಾಳೆ. ಮೂತ್ರಪಿಂಡಗಳು ಮೊದಲಿನಂತಾಗಿಲ್ಲ, ಆಗುವುದೂ ಇಲ್ಲವಂತೆ. ರೋಗಾಣು ಹೊತ್ತಿದ್ದದ್ದು ಭಾವನ ಕೊಟ್ಟಿಗೆಯಲ್ಲೇ ಎಲ್ಲಕ್ಕಿಂತ ಪುಷ್ಟವಾದ, ಒಂದು ದಿನವೂ ಕೆಮ್ಮದ ಹಸು. ಅದರ ಸಗಣಿಯಿಂದ ಬಟ್ಟೆಗೆ, ಬಟ್ಟೆಯಿಂದ ಮೂವತ್ತು ಕೆಚ್ಚಲಿಗೆ ರೋಗಾಣು ಹರಡಿತ್ತು.

ಮೂರು ಸಲ ಸತತವಾಗಿ ಪರೀಕ್ಷೆ ಶುದ್ಧ ಬಂದರೆ ಅಂಗಡಿ ತೆರೆಯಬಹುದೆಂಬುದು ನಿಯಮ. ಮೂರನೆಯದೂ ಶುದ್ಧ ಬಂದ ದಿನ ಸೀಸೆಯಮ್ಮನೇ ಕಾಗದ ತಂದುಕೊಟ್ಟರು. "ಇನ್ನು ನೀವು ಮಾರಬಹುದು." ಭಾವ ಕಾಗದವನ್ನು ಕೈಯಲ್ಲಿ ಹಿಡಿದು ಷಟರನ್ನು ನೋಡಿದ. "ಭಯ ಆಗುತ್ತಮ್ಮ," ಎಂದ. ಅವನ ಹಾಲು ಈಗ ಟ್ಯಾಂಕರಿನಲ್ಲಿ ಕಾಯಿಸುವ ಡೈರಿಗೆ ಹೋಗುತ್ತದೆ. ಹಸಿ ಹಾಲಿನ ಅಂಗಡಿಗಳು ಬೇರೆ ಕಡೆ ಇನ್ನೂ ಇವೆ. ಸೀಸೆಯಮ್ಮ ನಿವೃತ್ತರಾಗುವ ಹಿಂದಿನ ದಿನದವರೆಗೂ ಅಲ್ಲೆಲ್ಲ ಅಲೆದರೆಂದು ಕೇಳಿದ್ದೇನೆ.

ಧೈರ್ಯಶಾಲಿಗಳನ್ನು ಕುರಿತು ನಾವು ಬೇಕಾದಷ್ಟು ಬರೆದಿದ್ದೇವೆ. ಆದರೆ ಒಂದು ಊರು ನಿಶ್ಚಿಂತೆಯಿಂದ ಉಂಡು ಕುಡಿದು ಮಲಗಬೇಕಾದರೆ ಅದರ ಪಾಲಿನ ಭಯವನ್ನು ಯಾರೋ ಕೆಲವರು ಎಚ್ಚರದಿಂದ ಹೊತ್ತಿರಬೇಕಾಗುತ್ತದೆ: ಸೇತುವೆಯ ಕಂಬಿಗಳನ್ನು ತಟ್ಟಿ ಕಿವಿಗೊಡುವವರು, ಲಿಫ್ಟಿನ ಹಗ್ಗವನ್ನು ಬೆರಳಿನಿಂದ ಸವರಿ ನೋಡುವವರು, ಕುಡಿಯುವ ನೀರಿನ ಲೋಟವನ್ನು ಬೆಳಕಿಗೆ ಹಿಡಿಯುವವರು. ಇವರ ಸಂಗ ಹಿತವಾದುದಲ್ಲ. ನಮ್ಮ ಸಂತೋಷದ ನಡುವೆ ತಲೆಹಾಕಿ ಒಂದು ಪ್ರಶ್ನೆ ಕೇಳುತ್ತಾರೆ, ಮತ್ತು ನಾವು ನಗುತ್ತೇವೆ. ಅವರು ಹೇಳಿದ್ದು ನಿಜವಾದ ದಿನ ನಗಲು ಯಾರಿಗೂ ಬಾಯಿರುವುದಿಲ್ಲ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾದ್ದರಿಂದಲೇ ಅವರು ಪ್ರತಿ ಬೆಳಿಗ್ಗೆ, ಇವತ್ತು ತಮ್ಮ ಅನುಮಾನ ಸುಳ್ಳಾಗಲಿ ಎಂದು ಹಾರೈಸಿಕೊಂಡು, ಅದನ್ನು ಹೊತ್ತುಕೊಂಡೇ ಕೆಲಸಕ್ಕೆ ಹೊರಡುತ್ತಾರೆ.