ನೆಲ ಮುಟ್ಟಿ ಒಳಗೆ ಬಂದವನು

"ಅಂವ ದಿನಾ ಹೋಗ್ತಾನಲ್ಲ, ಅಲ್ಲಿಗೆ ನನ್ನೂ ಕರಕೊಂಡ ಹೋಗು" ಎಂದು ಅಪ್ಪ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ದನದ ಮನೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದೆ. ಅಣ್ಣ ಮಾಂತೇಶ ಎಲ್ಲಿಗೂ ಹೋಗುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ದಿಂಬು ಕೊಟ್ಟುಕೊಂಡು, ಮೊಬೈಲ್ ಹಿಡಿದು ಕೂತೇ ಇರುತ್ತಿದ್ದ. ಹೋಗುತ್ತಿದ್ದದ್ದು ಮೊಬೈಲಿನೊಳಗಿನ ಒಂದು ಆಟಕ್ಕೆ. ಕೋಟೆ, ಕಾಡು, ರಾಕ್ಷಸರು ಇರುವ ಆಟ. ಬೇರೆ ಬೇರೆ ಊರಿನ ಹುಡುಗರು ಒಂದು ಗುಂಪು ಕಟ್ಟಿಕೊಂಡು, ಕಿವಿಗೆ ವೈರು ಹಾಕಿಕೊಂಡು, ಒಬ್ಬರಿಗೊಬ್ಬರು ಕೂಗಿ ಹೇಳುತ್ತ ಆಡುತ್ತಿದ್ದರು.

"ಅಲ್ಲಿ ಹೋಗಿ ಏನ ಮಾಡಾಂವ ನೀ?"

"ನನ್ನ ಜೋಡಿ ಮಾತಾಡ್ತಾನೇನೊ ನೋಡ್ತೀನಿ. ಮನ್ಯಾಗಂತೂ ಮಾತಾಡಂಗಿಲ್ಲ."

ಹೀಗೆ ಕೇಳಿದ್ದು ನನ್ನಪ್ಪ, ಬೀರಲಿಂಗಪ್ಪ ವಸ್ತಾದ. ಮೊರಬದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಅವನ ಎದುರು ಜೋರಾಗಿ ಉಸಿರು ಬಿಡಲೂ ಹುಡುಗರು ಹೆದರುತ್ತಾರೆ. ಅಂಥವನು ಮಗಳ ಮುಂದೆ ಮೇವಿನ ಸಿವುಡು ಹಿಡಿದುಕೊಂಡು, ಹೂಂ ಅನ್ನುತ್ತಾಳೋ ಇಲ್ಲವೋ ಎಂದು ಮುಖ ನೋಡುತ್ತ ನಿಂತಿದ್ದ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಮಾಂತೇಶ ಅವನ ಮಗನಷ್ಟೇ ಅಲ್ಲ, ಅವನ ಕೈಯಲ್ಲಿ ತಯಾರಾದ ಪೈಲ್ವಾನ. ಹೋದ ಸುಗ್ಗಿಯಲ್ಲಿ ಕಡಲೆ ರಾಶಿ ಮುಗಿಸಿ ಬರುವಾಗ ಟ್ರ್ಯಾಕ್ಟರಿನ ಟ್ರೇಲರ್ ಪಲ್ಟಿಯಾಗಿ, ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ, ಕಂಕುಳಲ್ಲಿ ಕೋಲು ಕೊಟ್ಟುಕೊಂಡು ಅಂಗಳದಲ್ಲಿ ಮೊದಲ ಸಲ ನಡೆದ. ಓಣಿಯ ಜನವೆಲ್ಲ ನೋಡುತ್ತಿದ್ದರು. ಬಾವಿಕಟ್ಟೆಯ ತನಕ ಹೋದವನು ಕೋಲು ಜಾರಿ ಬಿದ್ದ. ಅವ್ವ, ನಾನು ಇಬ್ಬರೂ ಓಡಿದೆವು. ಅಪ್ಪ ಕೈ ಅಡ್ಡ ಚಾಚಿ ತಡೆದ.

"ಯಾರೂ ಮುಟ್ಟಬ್ಯಾಡ್ರಿ. ತಾನ ಏಳ್ತಾನ."

ಅಪ್ಪನ ಗರಡಿಯ ರೀತಿ ಅದು. ಬಿದ್ದವನಿಗೆ ಅಲ್ಲಿ ಯಾರೂ ಕೈ ಕೊಡುವಂತಿಲ್ಲ. ಅವನೇ ಎದ್ದು, ಮೈ ಮಣ್ಣು ಜಾಡಿಸಿಕೊಂಡು ಮತ್ತೆ ಎದುರಿಗೆ ನಿಲ್ಲಬೇಕು. ಆದರೆ ಗರಡಿಯಲ್ಲಿ ಬೀಳುವವರಿಗೆ ಎರಡು ಕಾಲು ಇರುತ್ತವೆ. ಅಣ್ಣ ಮೊಣಕೈ ಊರಿ, ತೆವಳಿಕೊಂಡು ಗೋಡೆಯ ತನಕ ಹೋದ. ಗೋಡೆ ಹಿಡಿದು ಎದ್ದ. ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಅವತ್ತಿನಿಂದ ಅಪ್ಪನ ಜೊತೆ ಒಂದು ಮಾತಿಲ್ಲ. ಅಪ್ಪ ಕೋಣೆಗೆ ಕಾಲಿಟ್ಟರೆ ಗೋಡೆಯ ಕಡೆ ಹೊರಳುತ್ತಿದ್ದ. ಬಚ್ಚಲಿಗೆ ಹೋಗಬೇಕೆಂದರೂ ಅಪ್ಪ ಮನೆ ಬಿಡುವ ತನಕ ತಡೆದುಕೊಂಡಿದ್ದು, ಆಮೇಲೆ ಅವ್ವನನ್ನು ಕೂಗುತ್ತಿದ್ದ. ಅಂಥ ಪೈಲ್ವಾನನ ಮೈಯನ್ನು ಅವ್ವ ಒಬ್ಬಳೇ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ಆಸ್ಪತ್ರೆಯವರು ಕೊಟ್ಟ ಕೃತಕ ಕಾಲು ಮಂಚದ ಕೆಳಗೆ ಚೀಲದಲ್ಲೇ ಬಿದ್ದಿತ್ತು.

ಮರುದಿನ ನವಲಗುಂದದ ಕಾಲೇಜಿನಿಂದ ಬಂದವಳೇ ನನ್ನ ಮೊಬೈಲಿಗೆ ಆ ಆಟ ಇಳಿಸಿಕೊಂಡೆ. ಅಪ್ಪ ಜಳಕ ಮಾಡಿ, ಒಗೆದ ಅಂಗಿ ಹಾಕಿಕೊಂಡು ದನದ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಮೊಬೈಲ್ ಆಟಕ್ಕೆ ಯಾರಾದರೂ ಜಳಕ ಮಾಡುತ್ತಾರೆಯೇ? ನಗಲು ಹೋದರೆ ಅಳು ಬಂದೀತೆಂದು ಅವನ ಪಕ್ಕ ಕೂತೆ.

ಆಟದೊಳಗೆ ಹೋಗುವ ಮೊದಲು ಒಂದು ಪಾತ್ರ ಆರಿಸಿಕೊಳ್ಳಬೇಕು. ಪರದೆಯ ಮೇಲೆ ಸಾಲಾಗಿ ನಿಂತಿದ್ದವರನ್ನು ನಾನು ಒಬ್ಬೊಬ್ಬರಾಗಿ ತೋರಿಸಿದೆ.

"ಇಂವ ವಾರಿಯರ್. ಕತ್ತಿ, ಢಾಲು. ಹೊಸಬರು ಇವನ್ನ ತಗೋಬೇಕಂತ ಎಲ್ಲಾ ಕಡೆ ಬರದಾರ. ಎಷ್ಟ ಹೊಡಸ್ಕೊಂಡ್ರೂ ಲಗೂನ ಸಾಯಂಗಿಲ್ಲ. ನಿನಗ ಅಗದಿ ಬರೋಬ್ಬರಿ."

"ಮಾಂತೇಶ ಯಾರನ್ನ ತಗೊಂಡಾನ?"

"ಅವನೂ ಇವನ್ನ."

"ಹಂಗಾದ್ರ ಬ್ಯಾಡ. ಅವನ ಸರಿಜೋಡಿ ಆಗಿ ನಾ ನಿಂದ್ರಂಗಿಲ್ಲ. ಈ ಬಾಜೂಕಿನಾಂವ?"

"ಬಿಲ್ಲುಗಾರ. ದೂರ ನಿಂತು ಹೊಡಿತಾನ."

"ದೂರ ನಿಂತು ಹೊಡಿಯೂದು ಒಲ್ಲೆ."

ಬೆಂಕಿ ಉಗುಳುವ ಮಂತ್ರವಾದಿಯನ್ನು ಅಪ್ಪ ಸರಿಯಾಗಿ ನೋಡಲೂ ಇಲ್ಲ. ಕೊನೆಯಲ್ಲಿ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲೊಂದು ಕೋಲು ಹಿಡಿದವನು ನಿಂತಿದ್ದ.

"ಇಂವ ಹೀಲರ್. ಗಾಯ ಆದವರಿಗೆ ಮದ್ದು ಮಾಡ್ತಾನ, ಬಿದ್ದವರನ್ನ ಎಬ್ಬಸ್ತಾನ. ಇವನ್ನ ಮಾತ್ರ ತಗೋಬ್ಯಾಡ ಯಪ್ಪಾ, ಭಾಳ ಕಠಿಣ. ತಾ ಹೊಡಿಯಾಕ ಕಸುವಿಲ್ಲ. ಎಲ್ಲಾರ ಮ್ಯಾಲೂ ಕಣ್ಣ ಇಟ್ಟಿರಬೇಕು. ಇಂವ ತಪ್ಪಿದ್ರ ಗುಂಪಿಗೆ ಗುಂಪ ಸಾಯ್ತೈತಿ. ಆಡಿ ಆಡಿ ಕಲತವರು ತಗೊಳ್ಳೂದಿದು."

"ನೀ ಉಲ್ಟಾ ಹೇಳಾಕತ್ತಿ" ಎಂದ ಅಪ್ಪ. "ಗರಡಿಗೆ ಹೊಸಾದಾಗಿ ಬಂದಾವ ಮೊದಲನೇ ದಿನಾನ ತೊಡಿ ತಟ್ಟತಾನೇನು? ಮಣ್ಣ ಹದಾ ಮಾಡ್ತಾನ. ದೊಡ್ಡವರ ಮೈಗೆ ಎಣ್ಣಿ ತಿಕ್ಕತಾನ. ಉಳುಕಿದ್ದ ನೀವತಾನ. ಹಿಂಗ ಮಾಡಿ ಮಾಡಿ ಮನಷ್ಯಾನ ಮೈ ತಿಳಿತೈತಿ, ಆಮ್ಯಾಲೆ ಕುಸ್ತಿ. ಹೊಸಬಗ ಇದ ಸರಿ. ಇವನ್ನ ಒತ್ತು."

"ಅದು ಗರಡಿ, ಇದು ಆಟ" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ತಲೆ ಕೆಟ್ಟು, ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. "ಬಿದ್ದವರನ್ನ ಎಬ್ಬಸೂ ಕೆಲಸಾ ನೀ ಮಾಡ್ತಿ?"

ಅಪ್ಪನ ಕಣ್ಣು ಆ ಬಿಳಿ ಅಂಗಿಯವನ ಮೇಲೆಯೇ ಇತ್ತು. "ಒತ್ತ ಅಂದ್ನೆಲ್ಲ" ಎಂದ. ಒತ್ತಿದೆ.

ಅಪ್ಪ ಎಂದು ಗೊತ್ತಾದರೆ ಸೇರಿಸಿಕೊಳ್ಳುವುದಿಲ್ಲವೆಂದು ಅಣ್ಣನಿಗೆ ಸುಳ್ಳು ಹೇಳಿದೆ. ನನ್ನ ಕಾಲೇಜಿನ ಹುಡುಗನೊಬ್ಬ ಹೊಸದಾಗಿ ಆಡಲು ಬರುತ್ತಾನೆ, ಮಾತಾಡಲು ನಾಚುತ್ತಾನೆ, ಗುಂಪಿಗೆ ಸೇರಿಸಿಕೋ ಎಂದೆ. ಅವನು ಹೂಂ ಎಂದ. ಅವತ್ತಿನಿಂದ ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು, ಎಮ್ಮೆ ಹಿಂಡುವ ಹೊತ್ತಿನ ತನಕ ಅಪ್ಪ ಕಟ್ಟೆಯ ಮೇಲೆ ಕೂತು ಆಡುತ್ತಿದ್ದ. ವೈರಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಮಾತಾಡುವ ಗುಂಡಿಯನ್ನು ಬಂದ್ ಮಾಡಿಟ್ಟಿದ್ದೆ. ಒಂದು ಗೋಡೆಯ ಆಚೆ ಇದ್ದ ಮಗನ ದನಿಯನ್ನು ಅಪ್ಪ ಹೀಗೆ ವೈರಿನಲ್ಲಿ ಕೇಳುತ್ತಿದ್ದ. ಅಣ್ಣ ಅಲ್ಲಿ ಬೇರೆಯೇ ಮನುಷ್ಯ. ಕೂಗುತ್ತಿದ್ದ, ಬಯ್ಯುತ್ತಿದ್ದ, ಕೆಲವೊಮ್ಮೆ ನಗುತ್ತಲೂ ಇದ್ದ. ಮೊದಲ ಸಲ ಆ ನಗೆ ಕೇಳಿದಾಗ ಅಪ್ಪ ಆಡುವುದನ್ನು ಬಿಟ್ಟು ಸುಮ್ಮನೆ ಕೂತ. ಅವನ ಬಿಳಿ ಅಂಗಿಯವನನ್ನು ತೋಳಗಳು ತಿಂದವು.

ಆಟ ಅವನಿಗೆ ಬರುತ್ತಿರಲಿಲ್ಲ, ಅದನ್ನು ಮುಚ್ಚಿಡುವುದೇನು? ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗಿ ಹೊಂಡಕ್ಕೆ ಬೀಳುತ್ತಿದ್ದ. ಆದರೆ ಒಂದು ಗುಂಡಿಯನ್ನು ಮಾತ್ರ ಮೊದಲ ದಿನವೇ ತಾನಾಗಿ ಹುಡುಕಿಕೊಂಡ. ಅದನ್ನು ಒತ್ತಿದರೆ ಆಟದ ಮನುಷ್ಯ ಬಗ್ಗಿ, ನೆಲಕ್ಕೆ ಕೈ ಮುಟ್ಟಿಸಿ, ಹಣೆಗೆ ಹಚ್ಚಿಕೊಳ್ಳುತ್ತಾನೆ. ಆಟದವರು ಅದನ್ನು ಚಂದಕ್ಕೆಂದು ಇಟ್ಟಿರಬೇಕು. ಅಪ್ಪನಿಗೆ ಅದು ಚಂದದ ಮಾತಲ್ಲ. ಮಣ್ಣು ಮುಟ್ಟದೆ ಅಖಾಡಕ್ಕೆ ಇಳಿಯುವವನನ್ನು ಅವನು ಗರಡಿಯಿಂದ ಹೊರಗೆ ಹಾಕುತ್ತಾನೆ. ಹಾಗಾಗಿ ಪ್ರತಿ ಕೋಟೆಯ ಬಾಗಿಲಲ್ಲೂ ನಿಂತು ಬಗ್ಗುತ್ತಿದ್ದ. ಉಳಿದವರು ಒಳಗೆ ಓಡಿ ಹೊಡೆದಾಟಕ್ಕಿಳಿದಿರುತ್ತಿದ್ದರು. ಇವನು ಬಾಗಿಲಲ್ಲೇ ಬಾಣ ತಿಂದು ಸಾಯುತ್ತಿದ್ದ. "ಬಗ್ಗೂದ ಬಿಡು ಯಪ್ಪಾ" ಎಂದು ಗೋಗರೆದರೂ ಬಿಡಲಿಲ್ಲ.

"ಲೇ, ಆ ಹೊಸಬ ಎಲ್ಲಿ ಹ್ವಾದ?" ಎಂದು ಗುಂಪಿನ ಹುಡುಗನೊಬ್ಬ ಒಂದು ಸಂಜೆ ಕೂಗಿದ. "ಬಾಗಲದಾಗ ಪೂಜಾ ಮಾಡಾಕತ್ತಾನ ನೋಡ್ಲೇ" ಎಂದು ಇನ್ನೊಬ್ಬ. "ಅವನ್ನ ತಗದ ಒಗಿಯೂಣು ಮಾಂತ್ಯಾ, ಬ್ಯಾರೆ ಹೀಲರ್ ಸಿಗ್ತಾರ."

ಅಪ್ಪನ ಹೆಬ್ಬೆರಳು ನಿಂತಿತು. ವೈರಿನಲ್ಲಿ ಅಣ್ಣನ ದನಿ ಬಂತು. "ಬ್ಯಾಡ. ಅವನ ನಮಸ್ಕಾರ ಮುಗೀಲಿ. ಕಾಯೂಣು."

ಅಪ್ಪ ಕಿವಿಯ ವೈರು ತೆಗೆದು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಮತ್ತೆ ಹಾಕಿಕೊಂಡ. "ಕಾಯೂಣು ಅಂದ" ಎಂದು ನನಗೆ ಹೇಳಿದ, ನಾನು ಕೇಳಿಸಿಕೊಂಡೇ ಇಲ್ಲವೇನೋ ಎಂಬಂತೆ. ಅದು ಯಾರೋ ಕಾಲೇಜು ಹುಡುಗನಿಗೆ ಹೇಳಿದ ಮಾತು ಎಂದು ನೆನಪಿಸಲು ನಾನು ಹೋಗಲಿಲ್ಲ. ಅಲ್ಲಿಂದ ಮುಂದೆ ಗುಂಪು ಪ್ರತಿ ಬಾಗಿಲಲ್ಲೂ ಕಾಯತೊಡಗಿತು. ಅಪ್ಪ ಸಾಯುವುದೂ ಕಡಿಮೆಯಾಯಿತು. ಯಾರ ಮೈಯಲ್ಲಿ ಕಸುವು ಇಳಿಯುತ್ತಿದೆ ಎಂಬುದನ್ನು ನನಗಿಂತ ಮೊದಲು ಅವನೇ ಕಂಡುಹಿಡಿದು ಮದ್ದು ಹಾಕುತ್ತಿದ್ದ.

ಅಲ್ಲಿಯ ತನಕ ಅಣ್ಣನ ವಾರಿಯರ್ ಒಂದು ಸಲವೂ ಬಿದ್ದಿರಲಿಲ್ಲ. ಬಿದ್ದದ್ದು ಅಮಾವಾಸ್ಯೆಯ ಹಿಂದಿನ ಸಂಜೆ. ಕೋಟೆಯ ಒಳ ಅಂಗಳದಲ್ಲಿ ಸಣ್ಣದೊಂದು ರಾಕ್ಷಸ. ಅಂಥವನ್ನು ಅಣ್ಣ ಹತ್ತಾರು ಹೊಡೆದದ್ದನ್ನು ನೋಡಿದ್ದೆ. ಅವತ್ತು ಢಾಲು ಎತ್ತಲಿಲ್ಲ. ಸುಮ್ಮನೆ ನಿಂತು ಹೊಡೆಸಿಕೊಂಡು ಬಿದ್ದ. ಅವನ ಮೇಲೆ ಕೆಂಪು ಚಕ್ರವೊಂದು ತಿರುಗತೊಡಗಿತು. ಅದು ಕರಗಿ ಮುಗಿಯುವುದರೊಳಗೆ ಹೀಲರ್ ಹತ್ತಿರ ಹೋಗಿ, ಎಬ್ಬಿಸುವ ಗುಂಡಿಯನ್ನು ಒತ್ತಿ ಹಿಡಿಯಬೇಕು.

ಅಪ್ಪ ಹತ್ತಿರ ಹೋದ. ಗುಂಡಿಯ ಮೇಲೆ ಹೆಬ್ಬೆರಳು ತಂದ. ಒತ್ತಲಿಲ್ಲ.

"ಒತ್ತು ಯಪ್ಪಾ."

ಅಪ್ಪನ ಬೆರಳು ಗಾಳಿಯಲ್ಲೇ ಇತ್ತು. ಬೇರೆ ಹುಡುಗರು ಬಿದ್ದಾಗ ಥಟ್ಟನೆ ಎಬ್ಬಿಸಿದ್ದ. ಇದು ಮಾಂತೇಶ. "ತಾನ ಏಳ್ತಾನ ತಡಿ" ಎಂದ, ಬಹಳ ಸಣ್ಣ ದನಿಯಲ್ಲಿ.

"ಇಲ್ಲೆ ತಾನ ಏಳಾಕ ಬರಂಗಿಲ್ಲ!" ಎಂದು ನಾನು ಚೀರಿದೆ. ಎಮ್ಮೆ ಬೆದರಿ ಹಗ್ಗ ಜಗ್ಗಿತು. "ಯಾರರೆ ಎಬ್ಬಸಿದ್ರ ಅಷ್ಟ ಏಳ್ತಾನ. ಅವತ್ತೂ ಹಂಗ ಇತ್ತು. ನಿನಗ ಕಾಣಲಿಲ್ಲೇನ ಯಪ್ಪಾ, ಕಾಣಲಿಲ್ಲೇನ?"

ಇಷ್ಟು ದಿನ ನುಂಗಿಕೊಂಡಿದ್ದದ್ದು ಹೊರಗೆ ಬಂದಿತ್ತು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಒತ್ತಿದ. ಗುಂಡಿ ಹಿಡಿಯಲಿಲ್ಲ. ಮಣ್ಣು, ಗುದ್ದಲಿ ಹಿಡಿದು ಬಿರಿದ ಆ ಬೆರಳನ್ನು ಮೊಬೈಲ್ ಎಷ್ಟೋ ಸಲ ಗುರುತಿಸುತ್ತಿರಲಿಲ್ಲ. ನಾಲಿಗೆಗೆ ಹಚ್ಚಿ, ಅಂಗಿಗೆ ಒರೆಸಿ ಮತ್ತೆ ಒತ್ತಿದ. ಚಕ್ರ ಕರಗುತ್ತಲೇ ಇತ್ತು. ಕೊನೆಗೆ ಹೆಬ್ಬೆರಳು ಬಿಟ್ಟು ನಡುಬೆರಳನ್ನು ಊರಿದ. ಹಿಡಿಯಿತು. ಬಿಳಿ ಅಂಗಿಯವನು ಬಗ್ಗಿದ, ವಾರಿಯರಿನ ತೋಳಿಗೆ ಕೈ ಹಾಕಿದ, ಎತ್ತಿ ನಿಲ್ಲಿಸಿದ.

ಅಣ್ಣನ ದನಿ ಈ ಸಲ ವೈರಿನಲ್ಲಲ್ಲ, ಗೋಡೆಯ ಆಚೆಯಿಂದಲೇ ಬಂತು.

"ಯಪ್ಪಾ."

ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಇನ್ನೂ ಆ ಗುಂಡಿಯನ್ನು ಒತ್ತಿ ಹಿಡಿದೇ ಇದ್ದ. ನಾನು ಮೊಬೈಲ್ ಕಿತ್ತುಕೊಂಡು ಅವನನ್ನು ಎಬ್ಬಿಸಿ ಒಳಗೆ ನೂಕಿದೆ.

ಅಣ್ಣ ಮಂಚದ ಮೇಲೆ ಕೂತಿದ್ದ. ಗೋಡೆಯ ಕಡೆ ಹೊರಳಲಿಲ್ಲ. "ಮೊದಲನೇ ದಿನಾನ ಗೊತ್ತಾತು ನಂಗ" ಎಂದ. "ಎಲ್ಲಿ ಹ್ವಾದ್ರೂ ಬಾಗಲದಾಗ ನೆಲಾ ಮುಟ್ಟಿ ಒಳಗ ಬರಾಂವ ಮತ್ಯಾರದಾರ? ಇವತ್ತ ಬೇಕಂತ ಬಿದ್ದೆ. ಎಬ್ಬಸ್ತಿಯೋ ಇಲ್ಲೋ ನೋಡೂಣು ಅಂತ."

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಗರಡ್ಯಾಗ ಬಿದ್ದಾವಗ ವಸ್ತಾದ ಕೈ ಕೊಟ್ಟಾಂದ್ರ, ಅವನ ಕುಸ್ತಿ ಮುಗೀತು ಅಂತ ಲೆಕ್ಕ. ಅಷ್ಟ ಮಂದಿ ಎದುರಿಗೆ ನೀ ಮುಗದಿ ಅಂತ ನಾ ಹೆಂಗ ಹೇಳ್ಲೋ ಮಾಂತ್ಯಾ?"

"ಕುಸ್ತಿ ಮುಗದಿತ್ತು ಯಪ್ಪಾ. ಅದು ನನಗ ಆಸ್ಪತ್ರ್ಯಾಗ ಗೊತ್ತಾಗಿತ್ತು." ಅಣ್ಣ ಅಪ್ಪನ ಕೈಯ ಕಡೆ ನೋಡಿದ. "ನಾ ನೋಡಿದ್ದು ನಿನ್ನ ಕೈನ. ಮಂದಿನ್ನ ತಡಿಯಾಕ ಮುಂದ ಬಂತು. ನನ್ನ ಕಡೆ ಬರಲಿಲ್ಲ."

ನಾನು ಅಳುತ್ತಿದ್ದೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಹಿಂದೆ ನಿಂತಿದ್ದಳು. ಹಾಸಿಗೆಯ ಮೇಲಿದ್ದ ಮೊಬೈಲಿನಿಂದ ಗುಂಪಿನ ಹುಡುಗರು "ಮಾಂತ್ಯಾ, ಎಲ್ಲೆದಿಲೇ?" ಎಂದು ಕೂಗುತ್ತಿದ್ದರು. ಅಣ್ಣ ಅದನ್ನು ಮಗುಚಿ ಹಾಕಿದ.

"ಕೈ ಕೊಡೀಗ. ಬಚ್ಚಲಕ್ಕ ಹೋಗೂದೈತಿ. ನೀ ಹೊಲದಿಂದ ಬಂದಾಗಿಂದ ತಡಕೊಂಡ ಕುಂತೀನಿ."

ಅಪ್ಪ ಮುಂದೆ ಹೋದ. ಗಂಡಸರನ್ನು ಕೆಡವಲು ಎಲ್ಲೆಲ್ಲಿ ಹಿಡಿಯಬೇಕೆಂದು ಬಲ್ಲ ಆ ಕೈಗಳು ಮಗನ ಮುಂದೆ ಬಂದು, ತೋಳು ಹಿಡಿಯಲೋ ಕಂಕುಳು ಹಿಡಿಯಲೋ ತಿಳಿಯದೆ ತಡವರಿಸಿದವು.

"ಅಲ್ಲಲ್ಲ ಯಪ್ಪಾ, ಕಂಕಳಕ್ಕ ಬ್ಯಾಡ, ನೋಯ್ತೈತಿ" ಎಂದ ಅಣ್ಣ. "ಸೊಂಟಕ್ಕ ಹಿಡಿ. ಹಾಂ. ಈಗ ಎಬ್ಬಸು."

ಅಪ್ಪ ಹೊಸಬನ ಹಾಗೆ, ಹೇಳಿದಲ್ಲೇ ಹಿಡಿದು, ಎಬ್ಬಿಸಿದ.