ಅಂಗೈಗೆ ತಾಗಿದ ಅಕ್ಷರಗಳು

ನನ್ನ ಅಳಿಯಂದಿರ ಕಾರು ನನಗಿಂತ ಹದಿನೆಂಟು ವರ್ಷ ಚಿಕ್ಕದು. ೧೯೬೯ನೇ ಇಸವಿಯ ಮಸ್ಟ್ಯಾಂಗ್, ಅಮೆರಿಕದ ಗಾಡಿ. ಬಾನೆಟ್ಟಿನ ಮೇಲೆ ಇಬ್ಬರು ಆರಾಮಾಗಿ ಮಲಗಬಹುದು. ಶ್ರೀಪತಿಯವರು ಅದನ್ನು ಮಲೇಷ್ಯಾದ ಇಪೋ ಊರಿನ ಒಬ್ಬ ಮುದುಕನಿಂದ ಕೊಂಡಾಗ, "ಹೊಸ ಇಂಜಿನ್ ಒಂದು ಹಾಕ್ಸಿದ್ರೆ ಮುಗೀತು ಮಾವ" ಎಂದು ಫೋನಿನಲ್ಲಿ ಹೇಳಿದ್ದರು.

ಮುಗಿಯಲಿಲ್ಲ. ಹೊಸ ಇಂಜಿನ್ನಿನ ಕಸುವಿಗೆ ಹಳೆಯ ಬ್ರೇಕು ಸಾಲದು ಎಂದು ಬ್ರೇಕು ಬದಲಾಯಿತು. ಆ ಬ್ರೇಕು ಹಳೆಯ ಚಕ್ರದೊಳಗೆ ಹಿಡಿಸಲಿಲ್ಲ, ದೊಡ್ಡ ಚಕ್ರ ಬಂತು. ದೊಡ್ಡ ಚಕ್ರ ಮಡ್‌ಗಾರ್ಡಿಗೆ ಉಜ್ಜಿತು. ಮಡ್‌ಗಾರ್ಡು ಬಿಚ್ಚಿದರೆ ಒಳಗೆ ತುಕ್ಕು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೈಸೂರಿನ ಸೈಟು ಇಂಜಿನ್ನಿಗೆ ಹೋಯಿತು, ದಿನದ ಓಡಾಟದ ಕಾರು ಉಳಿದದ್ದಕ್ಕೆ ಹೋಯಿತು. ನಾನು ಕೌಲಾಲಂಪುರಕ್ಕೆ ಬರುವ ಹೊತ್ತಿಗೆ ಶ್ರೀಪತಿಯವರು ಆಫೀಸಿಗೆ ರೈಲಿನಲ್ಲಿ ನಿಂತುಕೊಂಡು ಹೋಗುತ್ತಿದ್ದರು.

"ಅದು ಕಾರಲ್ಲ ಅಪ್ಪಾಜಿ, ನನ್ ಸವತಿ" ಎನ್ನುತ್ತಿದ್ದಳು ಮಗಳು ಜಲಜಾ.

ನಾನು ಬಂದದ್ದು ಮೂರು ತಿಂಗಳಿಗೆ. ನನ್ನ ಹೆಂಡತಿ ಹೊನ್ನಮ್ಮ ತೀರಿಹೋಗಿ ಆಗ ಒಂಬತ್ತು ತಿಂಗಳಾಗಿತ್ತು. ವರ್ಷ ತುಂಬುವ ದಿನಕ್ಕೆ ದಾವಣಗೆರೆಯಲ್ಲಿ ಅವಳ ಸಮಾಧಿಗೆ ನಾನೇ ನಿಂತು ಹೆಸರಿನ ಕಲ್ಲು ಕೂರಿಸಬೇಕಿತ್ತು. ಕಲ್ಲುಕುಟಿಗನಿಗೆ ಹೇಳಿಯೇ ವಿಮಾನ ಹತ್ತಿದ್ದೆ. ಹಿಂದಿರುಗುವ ಟಿಕೆಟ್ಟು ಪೆಟ್ಟಿಗೆಯಲ್ಲಿತ್ತು.

ಬ್ರಿಕ್‌ಫೀಲ್ಡ್ಸಿನ ಮಗಳ ಮನೆ ಹತ್ತೊಂಬತ್ತನೇ ಮಹಡಿಯಲ್ಲಿ. ಲಿಫ್ಟಿಗೆ ಕಾರ್ಡು ತೋರಿಸಬೇಕು, ಇದ್ದದ್ದು ಎರಡೇ ಕಾರ್ಡು. ಎಲ್ಲರೂ ಹೊರಟ ಮೇಲೆ ನಾನು ಕಿಟಕಿಯಲ್ಲಿ ರೈಲು ಎಣಿಸುತ್ತಾ ಕೂರುತ್ತಿದ್ದೆ. ಅದನ್ನು ನೋಡಲಾರದೆ ಶ್ರೀಪತಿಯವರು ಬೆಳಿಗ್ಗೆ ನನ್ನನ್ನು, ಆ ಕಾರು ರಿಪೇರಿಗೆ ನಿಂತಿದ್ದ ಸೆಲ್ವಂ ಎಂಬವನ ವರ್ಕ್‌ಶಾಪಿನಲ್ಲಿ ಬಿಟ್ಟು, ಸಂಜೆ ಕರೆದುಕೊಂಡು ಬರತೊಡಗಿದರು. ಅಲ್ಲಿ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಊರಿಗೆ ಹೋದಷ್ಟು ಸಂತೋಷವಾಯಿತು. ನಾನು ಹನ್ನೊಂದನೇ ವಯಸ್ಸಿಗೆ ದಾವಣಗೆರೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡು ಸೇರಿದವನು.

"ಪೆರಿಯವರೇ, ಕೈ ಸುಮ್ನೆ ಇರಲ್ಲ ಅನ್ಸುತ್ತೆ" ಎಂದ ಸೆಲ್ವಂ, ತನ್ನ ತಮಿಳಿನಲ್ಲಿ ನನ್ನನ್ನು ಹಿರಿಯರೇ ಎಂದು ಕರೆದು. ಶೆಡ್ಡಿನ ತಮಿಳರಿಂದ ನನಗೆ ಆ ಮಾತು ಬರುತ್ತಿತ್ತು. "ತಗೊಳ್ಳಿ ಉಪ್ಪುಕಾಗದ. ಒಳಗಿನ ತುಕ್ಕು ತೆಗೀರಿ. ನಾನು ಮೂರು ದಿನ ಸಾಮಾನು ಹುಡುಕೋಕೆ ಪಿನಾಂಗಿಗೆ ಹೋಗಿ ಬರ್ತೀನಿ."

ನಮ್ಮ ಉಸ್ತಾದ ಬುಡೇನ್ ಸಾಬರು ಹೇಳುತ್ತಿದ್ದರು, ಕಣ್ಣನ್ನು ನಂಬಬೇಡ, ಅಂಗೈಯನ್ನು ನಂಬು, ಅಂಗೈಗೆ ತಾಗಿದ್ದು ನಾಳೆ ಬಣ್ಣಕ್ಕೂ ತಾಗುತ್ತದೆ ಎಂದು. ಕಣ್ಣು ಮುಚ್ಚಿ ತಗಡಿನ ಮೇಲೆ ಕೈ ಎಳೆಯುತ್ತಿದ್ದರು. ಎಲ್ಲಾದರೂ ತಡೆದರೆ ತಲೆಗೊಂದು ಮೊಟಕು. ಆಗ ಹೊಸ ತಗಡುಗಳ ಮೇಲೆ ಕಾರ್ಖಾನೆಯವರು ಏನೇನೋ ಅಕ್ಷರ ಒತ್ತಿ ಕಳಿಸುತ್ತಿದ್ದರು. ಅದನ್ನು ಉಜ್ಜಿ ತೆಗೆಯುವುದೇ ನನ್ನ ಮೊದಲ ಕೆಲಸ. ಗಾಡಿಯ ನಂಬರು ಕೆಳಗಿನ ಛಾಸಿಯ ಕಬ್ಬಿಣದಲ್ಲಿರುತ್ತಿತ್ತು. ಅದು ನಮ್ಮ ಪಾಲಿನದಲ್ಲ.

ಮಸ್ಟ್ಯಾಂಗಿನ ಎಡ ಮಡ್‌ಗಾರ್ಡಿನ ಕೆಳಗೆ, ಒಳತಗಡಿನ ಅಂಚಿನಲ್ಲಿ, ತುಕ್ಕು ಹೋದ ಮೇಲೆ ನನ್ನ ಅಂಗೈಗೆ ಒಂದು ಸಾಲು ಅಕ್ಷರ ತಾಗಿತು. ಎರಡು ದಿನ ಉಜ್ಜಿದೆ. ಮೂರನೇ ದಿನ ಏನೂ ತಾಗಲಿಲ್ಲ. ಪೇಂಟಿನವನು ಬಣ್ಣ ಹೊಡೆದ. ಸೆಲ್ವಂ ಬಂದವನೇ ಬಾಗಿ ನೋಡಿ, "ಕಣ್ಣಾಡಿ ಮಾದಿರಿ ಇದೆ ಪೆರಿಯವರೇ, ಕನ್ನಡಿ!" ಎಂದ.

ಇಂಜಿನ್ ಬದಲಾದದ್ದಕ್ಕೆ ಸರ್ಕಾರದ ತಪಾಸಣೆ ಆಗಬೇಕಿತ್ತು. ಗಾಡಿಯನ್ನು ಲಾರಿಯ ಮೇಲೆ ಒಯ್ದೆವು. ತಲೆವಸ್ತ್ರ ತೊಟ್ಟ ಒಬ್ಬ ಹೆಣ್ಣುಮಗಳು ಬಾನೆಟ್ಟು ಎತ್ತಿ, ಟಾರ್ಚು ಬಿಟ್ಟು, ಆ ಅಂಚನ್ನೇ ನೋಡಿದಳು. ಬಟ್ಟೆಯಿಂದ ಒರೆಸಿದಳು. ಕೈಯಲ್ಲಿದ್ದ ಕಾಗದ ನೋಡಿದಳು. ಮತ್ತೆ ಒರೆಸಿದಳು.

"ಏನಂತೆ?" ಎಂದೆ.

"ಗಾಡಿ ನಂಬರು ಇಲ್ಲ ಅಂತಿದ್ದಾರೆ ಮಾವ" ಎಂದರು ಶ್ರೀಪತಿಯವರು. "ಅಮೆರಿಕದ ಗಾಡೀಲಿ ಅಲ್ಲೇ ಒತ್ತಿರ್ತಾರಂತೆ."

ನಾನು ಅಂಗೈಯನ್ನು ಅಂಗಿಗೆ ಒರೆಸಿಕೊಂಡೆ.

ನಂಬರು ಅಳಿಸಿದ ಗಾಡಿ ಎಂದರೆ ಕದ್ದ ಗಾಡಿ ಎಂದೇ ಅನುಮಾನ. ಕಾರನ್ನು ಅಲ್ಲೇ ಬೇಲಿಯೊಳಗೆ ನಿಲ್ಲಿಸಿಕೊಂಡರು. ಮಾರನೆಯ ದಿನ ಪೊಲೀಸರು ಸೆಲ್ವಂನ ವರ್ಕ್‌ಶಾಪಿಗೆ ಬೀಗ ಹಾಕಿದರು. ಅಲ್ಲಿದ್ದ ಏಳು ಗಾಡಿಗಳ ಕಾಗದ ಒಂದೊಂದಾಗಿ ನೋಡುತ್ತಾರಂತೆ.

ಶ್ರೀಪತಿಯವರು ಫೋನಿನಲ್ಲಿ ಕೂಗಾಡಿದರು. "ನಿನ್ ಶಾಪಲ್ಲೇ ಹೋಗಿರೋದು ಕಣಯ್ಯಾ! ದೆವ್ವ ಬಂದು ಉಜ್ತಾ?"

ಸೆಲ್ವಂನ ದನಿ ನನಗೂ ಕೇಳುತ್ತಿತ್ತು. "ಇಪ್ಪತ್ತೆರಡು ವರ್ಷ ಆಯ್ತು ಸಾರ್ ಶಾಪ್ ಇಟ್ಟು. ನಂಬರ್ ಮುಟ್ಟೋನಾ ಸಾರ್ ನಾನು?"

ನನ್ನೆದುರಿಗೆ, ಮಾಮಾಕ್ ಎಂಬ ತಮಿಳು ಸಾಬರ ಹೋಟೆಲಿನಿಂದ ತಪಾವ್ ಎಂದು ಪೊಟ್ಟಣ ಕಟ್ಟಿಸಿ ತಂದ ರೊಟ್ಟಿ ಆರುತ್ತಿತ್ತು. ಮೊಮ್ಮಗಳು ವಿಸ್ಮಯಾ ನನ್ನನ್ನೇ ನೋಡಿ, "ತಾತಾ, ವೈ ಆರ್ ಯೂ ನಾಟ್ ಈಟಿಂಗ್?" ಎಂದಳು.

ತುತ್ತು ಕೈಯಲ್ಲೇ ಹಿಡಿದು ಅಳಿಯಂದಿರನ್ನು ಕೇಳಿದೆ. "ಯಾರಾದ್ರೂ ನಾನೇ ಮಾಡ್ದೆ ಅಂತ ಒಪ್ಕೊಂಡ್ರೆ ಏನ್ ಮಾಡ್ತಾರ್ರೀ?"

"ಹೇಳಿಕೆ ಬರ್ಕೋತಾರೆ, ಪಾಸ್‌ಪೋರ್ಟ್ ಇಟ್ಕೋತಾರೆ. ಆ ತಗಡು ಲ್ಯಾಬಿಗೆ ಹೋಗಿ ರಿಪೋರ್ಟ್ ಬರೋ ತನಕ ದೇಶ ಬಿಡೋ ಹಾಗಿಲ್ಲ. ಆರು ತಿಂಗಳೋ, ವರ್ಷವೋ. ಯಾಕೆ ಮಾವ?"

"ಸುಮ್ನೆ ಕೇಳ್ದೆ."

ನನ್ನ ವಿಮಾನಕ್ಕೆ ಒಂಬತ್ತು ದಿನ ಇತ್ತು. ಬಾಯಿ ಮುಚ್ಚಿಕೊಂಡು ಒಂಬತ್ತು ದಿನ ಕಳೆದರೆ ಹೊನ್ನಮ್ಮನ ಕಲ್ಲು ಕೂರುತ್ತಿತ್ತು. ಐವತ್ತೊಂದು ವರ್ಷ ಜೊತೆಗಿದ್ದವಳು ಏನನ್ನೂ ಕೇಳಿದವಳಲ್ಲ. ಕಲ್ಲೊಂದನ್ನು ಮಾತ್ರ ಬಾಯಿಬಿಟ್ಟು ಕೇಳಿದ್ದಳು. ತನ್ನ ಅಕ್ಕನ ಸಮಾಧಿ ಯಾವುದೆಂದು ಯಾರಿಗೂ ಗೊತ್ತಾಗದೆ ಹೋದದ್ದನ್ನು ಅವಳು ಕಂಡಿದ್ದಳು. ನಾಲ್ಕು ದಿನ ಕಿಟಕಿಯ ಬಳಿ ಕುಳಿತೆ. ರೈಲು ಎಣಿಸಲಿಲ್ಲ.

ಐದನೇ ದಿನ ಬೆಳಿಗ್ಗೆ ಸೆಲ್ವಂ, ಕೆಳಗಿನ ಕಾವಲಿನವನನ್ನು ಕೇಳಿ ಲಿಫ್ಟು ಹತ್ತಿ, ಮನೆಗೇ ಬಂದ. ಗಡ್ಡ ಬೋಳಿಸಿರಲಿಲ್ಲ. ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಸ್ಟೀಲು ಡಬ್ಬಿ ನನಗೆ ಚಾಚಿದ.

"ನಿಮ್ ಊಟದ ಡಬ್ಬಿ ಪೆರಿಯವರೇ. ಶಾಪಲ್ಲೇ ಉಳ್ದಿತ್ತು. ಪೊಲೀಸರನ್ನ ಕೇಳಿ ಇಸ್ಕೊಂಡ್ ಬಂದೆ. ಊರಿಗೆ ಹೋಗೋವಾಗ ಬೇಕಲ್ವಾ?"

ತೊಳೆದು ತಂದಿದ್ದ.

"ನಾಟಕ ಸಾಕು ಸೆಲ್ವಂ" ಎಂದರು ಶ್ರೀಪತಿಯವರು. "ಇವತ್ತು ಕಂಪ್ಲೇಂಟ್ ಕೊಡ್ತಿದೀನಿ. ಅಲ್ಲೇ ಹೇಳು, ಏನ್ ಹೇಳ್ತೀಯೋ."

"ಒಂಬತ್ತು" ಎಂದೆ ನಾನು. "ಆಮೇಲೆ ಇಂಗ್ಲಿಷಿನ ಟಿ. ಆಮೇಲೆ ಸೊನ್ನೆ, ಎರಡು..."

ಇಬ್ಬರೂ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿ, ಅಂಗೈಗೆ ತಾಗಿದ ಹಾಗೆಯೇ, ಸಾಲನ್ನೆಲ್ಲ ಹೇಳಿದೆ. ಶ್ರೀಪತಿಯವರು ಗಾಡಿಯ ಕಾಗದ ತೆಗೆದು ಬೆರಳಿಟ್ಟು ನೋಡುತ್ತಾ ಬಂದರು.

"ಕೊನೇ ಏಳರ ಬಾಲ ಸೊಟ್ಟಗಿತ್ತು. ಅದೊಂದಕ್ಕೇ ಅರ್ಧ ದಿನ ಹಿಡೀತು. ಉಜ್ಜಿದ್ದು ನಾನ್ರೀ. ತಗಡಿನ ಗುರುತು ಅನ್ಕೊಂಡೆ."

ಸೆಲ್ವಂ ಗೋಡೆಗೆ ಒರಗಿದ. "ಅಯ್ಯೋ... ಕನ್ನಡಿ ಹಾಗಿದೆ ಅಂತ ನಾನೇ ಹೊಗಳಿದ್ನಲ್ಲಾ" ಎಂದ. ಅವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಜಲಜಾ ಅಡುಗೆಮನೆಯಿಂದ ಬಂದಳು. "ನಾಕ್ ದಿನ ಯಾಕ್ ಹೇಳ್ಲಿಲ್ಲ ಅಪ್ಪಾಜಿ?"

"ನಿಮ್ಮವ್ವನ ಕಲ್ಲು ಇತ್ತಲ್ಲಮ್ಮ."

ಶ್ರೀಪತಿಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ಮಡಚಿ, "ಅಂಗಿ ಬದ್ಲಾಯಿಸ್ಕೊಳ್ಳಿ ಮಾವ, ಸ್ಟೇಷನ್ನಿಗೆ ಹೋಗೋಣ" ಎಂದರು.

ಸೆಲ್ವಂನ ಬೀಗ ಆ ವಾರವೇ ತೆಗೆದರು. ನನ್ನ ಪಾಸ್‌ಪೋರ್ಟು ಪೊಲೀಸರ ಬಳಿ ಉಳಿಯಿತು. ಪ್ರತಿ ಸೋಮವಾರ ಹೋಗಿ ಸಹಿ ಹಾಕಬೇಕು. ತಗಡು ಲ್ಯಾಬಿಗೆ ಹೋಗಿದೆ, ಇನ್ನೂ ಉತ್ತರವಿಲ್ಲ. ಮುಂಭಾಗ ಬಿಚ್ಚಿದ ಆ ಗಾಡಿಯನ್ನು ಮಾರುವ ಹಾಗಿಲ್ಲ, ಓಡಿಸುವ ಹಾಗಿಲ್ಲ. ಬೇಲಿಯೊಳಗೆ ನಿಂತದ್ದಕ್ಕೂ ದಿನಕ್ಕಿಷ್ಟು ಎಂದು ಅಳಿಯಂದಿರು ಬಾಡಿಗೆ ಕಟ್ಟುತ್ತಿದ್ದಾರೆ. ಶ್ರೀಪತಿಯವರು ನನಗೊಂದು ಲಿಫ್ಟಿನ ಕಾರ್ಡು ಮಾಡಿಸಿ ಕೊಟ್ಟರು, "ಸೋಮವಾರ ನಾನಿಲ್ದಿದ್ರೂ ಹೋಗ್ಬೇಕಲ್ಲ ಮಾವ" ಎಂದು. ಬೇರೆ ಯಾವ ದಿನವೂ ನಾನು ಅದನ್ನು ಮುಟ್ಟುವುದಿಲ್ಲ.

ಹೊನ್ನಮ್ಮನ ವರ್ಷದ ದಿನ ಕಲ್ಲುಕುಟಿಗ ಫೋನು ಮಾಡಿದ.

"ಕಲ್ಲು ರೆಡಿ ಐತೆ ಯಜಮಾನ್ರೇ. ಯಾವಾಗ ಬರ್ತೀರಿ? ನಾನೇ ಕೂರ್ಸಿಬಿಡ್ಲಾ?"

"ಬ್ಯಾಡ. ನಾ ಬರ್ಬೇಕು." ಮತ್ತೆ ನಾನೇ ಕೇಳಿದೆ. "ಹೆಸರು ಆಳವಾಗಿ ಕೆತ್ತೀಯೇನಪ್ಪ?"

"ಬೆರಳ ತುದಿ ಇಳೀತೈತೆ ನೋಡ್ರಿ."

"ಹಂಗಾದ್ರೆ ಮಳೆ ತಾಗ್ದಂಗೆ ಒಳಗಿಡು" ಎಂದೆ. "ಕಾಯ್ಲಿ."